“ಇದು ಯಾರ ಕೈ?” – ಚೆಂಡೆ ಮದ್ದಳೆಯವರನ್ನು ಮಾತಾಡಿಸಿದ ನನ್ನ ಅನುಭವ

“ಚೆಂಡೆಯವರ ಹತ್ರ ಎಂತ ಮಾತಾಡ್ತೆ ಮಾರಾಯ? ಅವರದ್ದು ಕೈ ಮಾತ್ರ ಮಾತಾಡೂದು.”

ಐದಾರು ವರ್ಷದ ಹಿಂದೆ ಇದನ್ನು ನನ್ನ ಮುಖಕ್ಕೇ ಹೇಳಿದವರನ್ನು ಎಣಿಸಲು ಎರಡು ಕೈಯ ಬೆರಳು ಸಾಲುವುದಿಲ್ಲ. ಅದರಲ್ಲಿ ಒಬ್ಬರು ಯಕ್ಷಗಾನದ ಮೇಲೆ ಪ್ರಬಂಧ ಬರೆದು ಡಾಕ್ಟರ್ ಆದವರು, ಇನ್ನೊಬ್ಬ ನನ್ನ ಜೊತೆಗೇ ಮೈಕ್ ಕಟ್ಟುವ ಗೆಳೆಯ. ಅವರ ಲೆಕ್ಕ ಪೂರ್ತಿ ತಪ್ಪೂ ಅಲ್ಲ. ಯಕ್ಷಗಾನದ ಆಟದಲ್ಲಿ ಮಾತು ವೇಷಧಾರಿಯದ್ದು, ಪದ್ಯ ಹಾಡುವ ಭಾಗವತರದ್ದು. ರಾತ್ರಿಯಿಡೀ ರಂಗದ ಮೇಲೇ ಇದ್ದು, ಬೆಳಗಿನವರೆಗೆ ಬಾಯಿಯಲ್ಲಿ ಒಂದು ಶಬ್ದ ಆಡದವರು ಮದ್ದಳೆಯವರು, ಚೆಂಡೆಯವರು. ನಾನು ಹದಿನೆಂಟು ವರ್ಷ ಅವರ ವಾದ್ಯಕ್ಕೆ ಮೈಕ್ ಇಟ್ಟಿದ್ದೇನೆ. ಬಾಯಿಗೆ ಒಮ್ಮೆಯೂ ಇಟ್ಟಿರಲಿಲ್ಲ.

ಈಗ ಲೆಕ್ಕ ಹಾಕಿದರೆ ಅರುವತ್ತರ ಮೇಲೆ ಒಂದೋ ಎರಡೋ ಮಾತುಕತೆ ರೆಕಾರ್ಡ್ ಆಗಿದೆ. ಹತ್ತೊಂಬತ್ತು ದಂಡ. ಉಳಿದದ್ದರಲ್ಲಿ ಹೆಚ್ಚಿನದು ಒಂದೂವರೆ ಗಂಟೆಗೆ ಕಡಿಮೆ ಇಲ್ಲ. ಎಲ್ಲಕ್ಕಿಂತ ಉದ್ದದ್ದು ನಾಲ್ಕು ಗಂಟೆ ಚಿಲ್ಲರೆ, ನಡುವೆ ಎರಡು ಸಲ ಚಹಾ, ಒಂದು ಸಲ ದನ ಹಟ್ಟಿಗೆ ಕಟ್ಟಲು ಬಿಡುವು. ಆ ಡಾಕ್ಟರರು ಹೋದ ತಿಂಗಳು ಫೋನ್ ಮಾಡಿ, ತಮ್ಮ ವಿದ್ಯಾರ್ಥಿಯೊಬ್ಬನಿಗೆ ಫೈಲುಗಳನ್ನು ಕೊಡಬಹುದೋ ಎಂದು ಕೇಳಿದರು. ಕೊಟ್ಟೆ. ಕೊಡುವ ಮೊದಲು ಎರಡು ದಿನ ಅವರ ಫೋನ್ ಎತ್ತಲಿಲ್ಲ. ಅಷ್ಟು ಸುಖ ನನಗೂ ಬೇಕಲ್ಲ.

ಶುರುವಾದದ್ದು 2020ರಲ್ಲಿ. ಮಾರ್ಚಿನಲ್ಲಿ ಕೊರೊನಾ ಬಂದು, ಊರೂರು ತಿರುಗಿ ಆಟ ಆಡುವ ಮೇಳಗಳು ಅರ್ಧ ತಿರುಗಾಟಕ್ಕೇ ನಿಂತವು. ನನ್ನ ಹಾರ್ನು, ಬಾಕ್ಸು, ವಯರು ಎಲ್ಲ ಬ್ರಹ್ಮಾವರದ ಗೋದಾಮಿನಲ್ಲಿ ಇಲಿಗಳ ಪಾಲು. ಅದೇ ವರ್ಷ ಅಕ್ಟೋಬರಿನಲ್ಲಿ ಹಿರಿಯಡಕ ಗೋಪಾಲ ರಾಯರು ತೀರಿಕೊಂಡರು. 1919ರಲ್ಲಿ ಹುಟ್ಟಿ ನೂರು ದಾಟಿದ ಜೀವ, ಏರು ಶ್ರುತಿಯ ಏರುಮದ್ದಳೆ ಎಂದರೆ ಅವರದೇ ಹೆಸರು ಬಾಯಿಗೆ ಬರುವುದು. ಅವರ ಬಗ್ಗೆ ಬರೆದವರಿದ್ದಾರೆ, ಅವರನ್ನು ಮಾತಾಡಿಸಿದವರೂ ಇದ್ದಾರೆ. ಆದರೆ ಆ ಎತ್ತರದ ಹೆಸರಿಲ್ಲದೆ, ಮೂವತ್ತು ವರ್ಷ ಮೇಳದಿಂದ ಮೇಳಕ್ಕೆ ಪೆಟ್ಟಿಗೆ ಹೊತ್ತವರು ಹೋದರೆ ಪೇಪರಿನಲ್ಲಿ ಪಾಸ್‌ಪೋರ್ಟ್ ಫೋಟೋದ ಜೊತೆ ನಾಲ್ಕು ಸಾಲು. ಇವರನ್ನು ಯಾರು ಮಾತಾಡಿಸುವುದು ಎಂದು ಯೋಚನೆ ಬಂತು. ಮೆಷಿನ್ ಇದೆ, ಕೆಲಸ ಇಲ್ಲ, ಪರಿಚಯ ಬೇಕಾದಷ್ಟಿದೆ. ಇಷ್ಟು ಸಾಕು ಅಂದುಕೊಂಡೆ. ಸಾಲಲಿಲ್ಲ.

ಮೊದಲ ವರ್ಷದ ಕತೆ ಹೇಳಿಬಿಡುತ್ತೇನೆ, ನಿಮ್ಮಲ್ಲಿ ಕೆಲವರು ಈಗಲೂ ಅದೇ ಹೊಂಡದಲ್ಲಿ ಇರಬಹುದು. ಮೂವತ್ತೆರಡು ಪ್ರಶ್ನೆಗಳ ಪಟ್ಟಿ ಮಾಡಿದೆ. ಹುಟ್ಟಿದ್ದು ಎಲ್ಲಿ, ಗುರುಗಳು ಯಾರು, ಮೊದಲ ಮೇಳ ಯಾವುದು, ಮರೆಯಲಾಗದ ಘಟನೆ, ಯುವಕರಿಗೆ ಕಿವಿಮಾತು. ದಿನಕ್ಕೆ ಎರಡೂವರೆ ಸಾವಿರ ಬಾಡಿಗೆಯ ಕ್ಯಾಮೆರಾ, ಹಿಂದೆ ನೀಲಿ ಪರದೆ, ಎದುರು ಪ್ಲಾಸ್ಟಿಕ್ ಹೂವಿನ ಕುಂಡ. ಬಂದವರು ಇಸ್ತ್ರಿ ಮಾಡಿದ ಪಂಚೆ, ಶಾಲು ಹಾಕಿಕೊಂಡು ಬಂದರು. ಶಾಲು ಹೊದ್ದ ಮನುಷ್ಯ ಸನ್ಮಾನದ ಭಾಷಣ ಅಲ್ಲದೆ ಬೇರೇನೂ ಮಾಡುವುದಿಲ್ಲ. “ಗುರುಗಳ ಆಶೀರ್ವಾದ, ದೇವರ ದಯೆ, ಕಲಾಭಿಮಾನಿಗಳ ಪ್ರೋತ್ಸಾಹ.” ಹನ್ನೊಂದು ಜನ, ಹನ್ನೊಂದು ಭಾಷಣ, ಅಂಗಿಯ ಬಣ್ಣ ಬಿಟ್ಟರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ಕ್ಯಾಮೆರಾ, ಊಟ, ಎಡಿಟಿಂಗ್ ಹುಡುಗನ ಸಂಬಳ ಸೇರಿ ನಲವತ್ತೆಂಟು ಸಾವಿರದ ಹತ್ತಿರ ಹೋಯಿತು. ಹೆಂಡತಿ ಆ ಮೊತ್ತವನ್ನು ಈಗಲೂ ಸರಿಯಾಗಿ ಹೇಳುತ್ತಾಳೆ, ನನ್ನದು ಅಂದಾಜು.

ಎರಡನೇ ಪ್ರಯತ್ನ, ವಾದ್ಯ ಕೈಯಲ್ಲಿ ಕೊಟ್ಟು ಮಾತಾಡಿಸುವುದು. ಅದೂ ಕೆಟ್ಟಿತು. ಕೋಲು ಕೈಗೆ ಬಂದರೆ ಚೆಂಡೆಯವರಿಗೆ ಮಾತು ಯಾಕೆ? “ಅದು ಹೀಗೆ” ಎಂದು ಒಂದು ಬಿಡ್ತಿಗೆ, ಅಂದರೆ ಪೆಟ್ಟುಗಳ ಒಂದು ಸಾಲು, ನುಡಿಸಿ ನನ್ನ ಮುಖ ನೋಡುತ್ತಾರೆ. ಮೆಷಿನ್ನಿನಲ್ಲಿ ಕೆಂಪು ದೀಪ ಬೇರೆ. ಅಂಗಿಯ ಕಾಲರಿಗೆ ಸಿಕ್ಕಿಸಿದ ಬೋಯಾ ಮೈಕಿನಲ್ಲಿ ಚೆಂಡೆಯ ಪೆಟ್ಟು ಬಿದ್ದಾಗ ದನಿ ಒಡೆದು ಹೋದ ಹಾಗೆ ಕೇಳುತ್ತದೆ, ಹೆಗಲ ಬಟ್ಟೆ ಉಜ್ಜುವ ಸದ್ದು ಪ್ರತ್ಯೇಕ. ಗೇನ್, ಅಂದರೆ ದನಿ ಹಿಡಿಯುವ ಮಟ್ಟ, ಇಳಿಸಿದರೆ ಮಾತು ಬಾವಿಯೊಳಗಿಂದ ಬಂದಂತೆ. ಕಡೆಗೆ ಸಾಲ ಮಾಡಿ ಜೂಮ್ ಎಫ್3 ರೆಕಾರ್ಡರ್ ತೆಗೆದುಕೊಂಡೆ, ಮೂವತ್ತು ಸಾವಿರದ ಆಸುಪಾಸು. 32 ಬಿಟ್ ಫ್ಲೋಟ್, ಗೇನ್ ತಿರುಗಿಸುವ ಗುಂಡಿಯೇ ಇಲ್ಲ, ಪಿಸುಮಾತೂ ಅಬ್ಬರವೂ ಒಂದೇ ಫೈಲಿನಲ್ಲಿ ಕೂರುತ್ತವೆ. ಇದಕ್ಕೆ ಸಿಕ್ಕಿಸುವ ಎರಡು ಮೈಕಿನಲ್ಲಿ ಒಂದನ್ನು ಎಲ್ಲಿಡುತ್ತೇನೆ ಎಂದು ಎಲ್ಲರೂ ಊಹಿಸಬಹುದು. ಎರಡನೆಯದು ಎಲ್ಲಿ ಎಂದು ಕೇಳಬೇಡಿ. ಮೂರು ವರ್ಷ ಒದ್ದಾಡಿ ಸಿಕ್ಕಿದ ಜಾಗ ಅದು.

ಮೆಮೊರಿ ಕಾರ್ಡಿನ ವಿಷಯ. 128 ಜಿಬಿ ಎಂದು ಬರೆದ ಕಾರ್ಡು ಅರ್ಧ ಬೆಲೆಗೆ ಸಿಕ್ಕಿತೆಂದು ತಂದೆ. ಒಳಗೆ ಇದ್ದದ್ದು ಎಂಟೋ ಹದಿನಾರೋ. ತುಂಬಿದ ಮೇಲೆ ಸದ್ದಿಲ್ಲದೆ ಹಳೆಯದರ ಮೇಲೇ ಬರೆಯುತ್ತಾ ಹೋಗಿದೆ. ಮೂರು ಮಾತುಕತೆ ಮಣ್ಣುಪಾಲು. ಅದರಲ್ಲಿ ಒಬ್ಬರು ಮರುವರ್ಷ ಇಲ್ಲ. ಕಾರ್ಡು ತಂದ ದಿನವೇ ಪೂರ್ತಿ ತುಂಬಿಸಿ, ವಾಪಸು ಓದಿಸಿ ನೋಡಿ. ಇದನ್ನು ಹೇಳುವಾಗ ನನಗೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ, ಮುಂದೆ ಹೋಗೋಣ.

ದಾರಿ ಸಿಕ್ಕಿದ್ದು ಅಪ್ಪನ ಕ್ಯಾಸೆಟ್ಟುಗಳಿಂದ. ಅಪ್ಪನಿಗೂ ಮೈಕ್ ಸೆಟ್ಟೇ ಜೀವನ. ಆಂಪ್ಲಿಫೈಯರಿನ ಹಿಂದಿನಿಂದ ಒಂದು ವಯರು ಎಳೆದು ಟೇಪ್ ರೆಕಾರ್ಡರಿಗೆ ಕೊಟ್ಟು ಆಟದ ತುಂಡುಗಳನ್ನು ತುಂಬಿಸಿಕೊಳ್ಳುವ ಚಟ. 1987ರಿಂದ 1999ರವರೆಗಿನ ನೂರ ನಲವತ್ತು ಕ್ಯಾಸೆಟ್ಟು, ಎಲ್ಲ ಸಿ-60, ಸಿ-90. ಮೇಲೆ ನೀಲಿ ಪೆನ್ನಿನಲ್ಲಿ ತಾರೀಕು, ಊರು, ಪ್ರಸಂಗ, ಭಾಗವತರ ಹೆಸರು. ಮದ್ದಳೆ, ಚೆಂಡೆಯವರ ಹೆಸರು ಅಪ್ಪನೂ ಬರೆದಿಲ್ಲ, ನೋಡಿ! ಕರಾವಳಿಯ ತಂಡಿಗೆ ಅರ್ಧಕ್ಕರ್ಧ ಬೂಸ್ಟು ಹಿಡಿದಿತ್ತು. ಒರೆಸಿ, ಸುತ್ತಿ, ಡೆಕ್ಕಿನ ಬೆಲ್ಟ್ ಬದಲಿಸಿ, ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರೆ ಚೆಂಡೆಯ ಅಂಚು ಮತ್ತೆ ಎದ್ದು ಬರುತ್ತದೆ. ಈ ಸ್ಕ್ರೂವಿನ ಕೆಲಸ ಪ್ರತಿ ಕ್ಯಾಸೆಟ್ಟಿಗೂ ಬೇರೆ ಬೇರೆ. ಒಂದಕ್ಕೆ ಸರಿಮಾಡಿ ನೂರ ನಲವತ್ತನ್ನೂ ಓಡಿಸಿದರೆ ದಂಡ, ನಾನು ಮೊದಲ ಇಪ್ಪತ್ತನ್ನು ಹಾಗೆಯೇ ಮಾಡಿ ಎರಡನೇ ಸಲ ಕೂತೆ.

2022ರ ಜುಲೈ. ಹೆಬ್ರಿ ದಾಟಿ ಒಳಗೆ, ಒಬ್ಬ ಮದ್ದಳೆಗಾರರ ಮನೆ. ವಯಸ್ಸು ಎಪ್ಪತ್ತರ ಮೇಲೆ. ಹೋದದ್ದು ಮಾತುಕತೆಗಲ್ಲ, ಅವರ ಹಳೆಯ ದನಿ ಒಂದು ಸಿಕ್ಕಿದೆ, ಕೇಳಿಸಿ ಬರೋಣ ಎಂದು. ಹೊರಗೆ ಮಳೆ, ಚಾವಡಿಯಲ್ಲಿ ಅವರು ಬರೀ ಮೈಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ಯಾಕೋ ಮೆಷಿನ್ ಒತ್ತಿ ಪಕ್ಕಕ್ಕಿಟ್ಟೆ. ಟೇಪು ಹಾಕಿದೆ. 1991ರ ಫೆಬ್ರವರಿ, ರಾತ್ರಿ ಎರಡರ ಮೇಲಿನ ತುಂಡು, ಕರ್ಣನ ಪ್ರಸಂಗ. ನಾನು ಕೇಳಿದ್ದು ಇಷ್ಟೇ: “ಇದು ಯಾರ ಕೈ?”

ನಾಲ್ಕು ಸೆಕೆಂಡು. “ನಂದೇ.” ಮತ್ತೆ ನಾಲ್ಕು ಸೆಕೆಂಡು. “ನಿಲ್ಸಿ. ಹಿಂದೆ ಹಾಕಿ.” ಹಿಂದೆ ಹಾಕಿದೆ. ಅಡಿಕೆ ಕತ್ತಿ ಕೆಳಗಿಟ್ಟು, ಬಲಗೈಯ ಉಂಗುರ ಬೆರಳಿನಿಂದ ತೊಡೆಯ ಮೇಲೆ ಮೆಲ್ಲಗೆ ತಟ್ಟುತ್ತಾ ಮೂರು ಸಲ ಅದೇ ಜಾಗ ಕೇಳಿದರು. “ಇಲ್ಲಿ ಕೇಳಿ. ಎಡ ಸರಿ ಇತ್ತು, ಬಲ ತೇಲ್ತಾ ಉಂಟು. ನಿದ್ರೆ ಅದು.” ತಾಳ ತಪ್ಪಿಲ್ಲ, ಪದ್ಯ ಹೋಗುತ್ತಿದೆ, ಮನುಷ್ಯ ನಿದ್ದೆ ಮಾಡುತ್ತಿದ್ದಾನೆ! ಅಷ್ಟರಲ್ಲಿ ಟೇಪಿನಲ್ಲಿ ಚೆಂಡೆಯಿಂದ ಜಾಗವಲ್ಲದ ಜಾಗದಲ್ಲಿ ಎರಡು ಪೆಟ್ಟು. ಅವರು ಬೊಚ್ಚುಬಾಯಿ ತೆರೆದು ನಗಲು ಶುರು ಮಾಡಿದರು. “ಇದು ಪದ್ಯಕ್ಕೆ ಹೊಡೆದದ್ದಲ್ಲ. ನನ್ನನ್ನು ಎಬ್ಬಿಸಿದ್ದು.”

ಆಮೇಲೆ ನಾನು ಏನೂ ಕೇಳಲಿಲ್ಲ. ಆ ವರ್ಷ ನಿದ್ದೆ ಯಾಕೆ ಇರಲಿಲ್ಲ ಎಂದು ತಾವೇ ಹೇಳಿದರು. ಎರಡು ಮೇಳದಿಂದ ಮುಂಗಡ ತೆಗೆದುಕೊಂಡಿದ್ದರು, ಒಬ್ಬ ಯಜಮಾನರಿಗೆ ಗೊತ್ತಾಗಿ ರಂಪ, ಹಗಲಿಗೆ ಅದರ ಪಂಚಾಯಿತಿ, ರಾತ್ರಿಗೆ ಆಟ. ಮುಂಗಡ ಯಾಕೆ ಬೇಕಿತ್ತು? “ಬಾವಿ ತೋಡಿಸ್ಲಿಕ್ಕೆ.” ಒಳಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, “ಬಾವಿ ಅಲ್ಲ, ಹೆಂಚು. ಬಾವಿ ಮರುವರ್ಷ” ಎಂದರು. “ಹೌದು, ಹೆಂಚು. ಈ ಹೆಂಚೇ.” ಮೂವರೂ ಮೇಲೆ ನೋಡಿದೆವು. ಆ ಫೈಲಿನಲ್ಲಿ ಅಲ್ಲಿ ಏಳೆಂಟು ಸೆಕೆಂಡು ಮಳೆ ಬೀಳುವ ಸದ್ದು ಮಾತ್ರ ಇದೆ. ಎಡಿಟಿಂಗ್ ಹುಡುಗ ಅದನ್ನು ಕತ್ತರಿಸಿದ್ದ, ಬೈದು ಮತ್ತೆ ಹಾಕಿಸಿದೆ.

ಹೆಂಚಿನಿಂದ ಮಳೆಗಾಲದ ದುಡಿಮೆಗೆ ಬಂದರು. ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ದೀಪಾವಳಿಯ ನಂತರವೇ ಮತ್ತೆ ಸಂಬಳ. ನಡುವಿನ ಐದು ತಿಂಗಳು ಅವರು ಗೋಡೆಗೆ ಸುಣ್ಣ ಬಳಿದದ್ದು, ಸುಣ್ಣ ಬೆರಳು ತಿಂದು ಮುಂದಿನ ತಿರುಗಾಟಕ್ಕೆ ಮದ್ದಳೆಯ ಬಲಮುಖದ ಚರ್ಮ, ಬಲಮುಚ್ಚಿಗೆಯ ಮೇಲೆ ನಾದವೇ ಏಳದೆ ಭಾಗವತರಿಂದ ಬೈಸಿಕೊಂಡದ್ದು. ಇದು ನನ್ನ ಮೂವತ್ತೆರಡು ಪ್ರಶ್ನೆಗಳಲ್ಲಿ ಎಲ್ಲಿತ್ತು ಹೇಳಿ?

ಅಲ್ಲಿಂದ ಇದೇ ಕ್ರಮ. ಯಾರ ಹತ್ತಿರ ಹೋಗುವುದಿದ್ದರೂ ಮೊದಲು ಅವರ ಕೈ ಇರುವ, ಇಲ್ಲವೇ ಅವರ ಗುರುವಿನ, ಜೊತೆಗಾರನ ಕೈ ಇರುವ ಟೇಪು ಹುಡುಕುತ್ತೇನೆ. ಹೆಸರು ಕೇಳಿದರೆ ಜನ ಮರೆಯುತ್ತಾರೆ, ಇಸವಿ ಕೇಳಿದರೆ ತಪ್ಪು ಹೇಳುತ್ತಾರೆ, ಆದರೆ ಕೈ ಮರೆಯುವುದಿಲ್ಲ. ಕೈ ಗೊತ್ತಾದರೆ ರಾತ್ರಿ ನೆನಪಾಗುತ್ತದೆ. ರಾತ್ರಿ ನೆನಪಾದರೆ ಯಾವ ಬಯಲು, ಯಾವ ಜೋಡಿ, ಬಣ್ಣ ಹಚ್ಚುವ ಚೌಕಿಯಲ್ಲಿ ಯಾರ ಜೊತೆ ಜಗಳ, ಮನೆಯಲ್ಲಿ ಯಾರಿಗೆ ಜ್ವರ, ಎಲ್ಲ ಹಿಂದಿನಿಂದ ಬರುತ್ತವೆ. ಇಯರ್‌ಫೋನ್ ಕೊಡಬೇಡಿ. ಮೊದಲು ಕೊಟ್ಟು ನೋಡಿದೆ, ಕಿವಿ ಮುಚ್ಚಿದವರು ಕೂಗಿ ಮಾತಾಡುತ್ತಾರೆ, ಮನೆಯವರಿಗೂ ಏನೂ ಕೇಳುವುದಿಲ್ಲ. ಸ್ಪೀಕರಿನಲ್ಲಿ ಹಾಕಿದರೆ ಒಳಬಾಗಿಲಿನಿಂದ ತಿದ್ದುಪಡಿ ಬರುತ್ತದೆ. ನನ್ನ ಅರ್ಧ ಒಳ್ಳೆಯ ಸಾಮಗ್ರಿ ಹೆಂಡತಿಯರ ತಿದ್ದುಪಡಿಯದ್ದೇ. ಬ್ಲೂಟೂತ್ ಡಬ್ಬಿಯಲ್ಲಿ ಎಡಮುಚ್ಚಿಗೆಯ ತಗ್ಗು ದನಿ ಬರುವುದಿಲ್ಲ, ಆ ದನಿ ಬಾರದೆ ಕೈ ಗುರುತು ಸಿಗುವುದಿಲ್ಲ. ಅಪ್ಪನ ಅಹುಜಾ ಆಂಪ್ಲಿಫೈಯರು, ಒಂದೇ ಒಂದು ಬಾಕ್ಸು, ಸ್ಕೂಟರಿನ ಕಾಲಡಿ ಇಟ್ಟುಕೊಂಡು ಹೋಗುತ್ತೇನೆ.

ಕೈಗೆ ಏನಾದರೂ ಕೆಲಸ ಇರಬೇಕು. ವಾದ್ಯವಲ್ಲ, ವಾದ್ಯದ ಚಾಕರಿ. ಬಾರು ಬಿಗಿಯುವುದು, ಮದ್ದಳೆಗೆ ಮೆತ್ತುವ ಬೋನ ಕಲಸುವುದು, ಕೋಲು ಕೆರೆಯುವುದು. ಅಡಿಕೆಯೂ ಆದೀತು. ಸಮಯ ಮಳೆಗಾಲವಾದರೆ ಯಾವಾಗಲೂ ಆಗುತ್ತದೆ. ತಿರುಗಾಟದಲ್ಲಾದರೆ ಮಧ್ಯಾಹ್ನ ಎರಡೂವರೆಯಿಂದ ಐದರ ಒಳಗೆ: ಬೆಳಗಿನ ನಿದ್ದೆ ಮುಗಿದಿರುತ್ತದೆ, ಊಟ ಆಗಿರುತ್ತದೆ, ಆಟ ಇದೆಯೆಂದು ಸಾರುವ ‘ಕೇಳಿ’ ಹೊಡೆಯಲು ಇನ್ನೂ ಹೊತ್ತಿರುತ್ತದೆ. ಕಾಲಮಿತಿ ಆಟ ಬಂದ ಮೇಲೆ ಮಧ್ಯರಾತ್ರಿಗೇ ಮುಗಿಸಿ ಮನೆಗೆ ಹೋಗಿ ಮಲಗುವವರು ಜಾಸ್ತಿ, ಅವರು ಬೆಳಿಗ್ಗೆ ಹತ್ತಕ್ಕೂ ಸಿಗುತ್ತಾರೆ. “ಇದು ಯಾರ ಕೈ?” ಆದ ಮೇಲೆ ನಾನು ಕೇಳುವ ಎರಡನೇ ಪ್ರಶ್ನೆಯೂ ಒಂದಿದೆ, ಎಲ್ಲರಿಗೂ ಅದೇ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಎಲ್ಲರೂ ಅದನ್ನೇ ಕೇಳಿ, ಅದಕ್ಕೂ ಒಂದು ಸನ್ಮಾನದ ಉತ್ತರ ತಯಾರಾಗುತ್ತದೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇದರಲ್ಲಿ ನನಗೆ ಬೈದವರು ಬಹಳ. ಮೊದಲ ವರ್ಷ ನಾನೂ “ಪ್ರಚಾರ ಸಿಗ್ತದಲ್ಲ” ಎಂದವನೇ. ಒಬ್ಬ ಚೆಂಡೆಯವರು ಸೀದಾ ಕೇಳಿದರು, “ನಿಮ್ಮ ಮೈಕ್ ಸೆಟ್ಟು ಪ್ರಚಾರಕ್ಕೆ ಕಟ್ತೀರಾ?” ಅವತ್ತಿನಿಂದ ಕೂರುವ ಮೊದಲೇ ಕವರಿನಲ್ಲಿ ಎರಡು ಸಾವಿರ. ಮುಗಿದ ಮೇಲೆ ಅಲ್ಲ, ಮೊದಲೇ. ಮೊದಲೇ ಕೊಟ್ಟರೆ ಏನೂ ಹೇಳದೆ ಎದ್ದು ಹೋಗುವ ಸ್ವಾತಂತ್ರ್ಯ ಅವರಿಗೆ ಇರುತ್ತದೆ. ಒಬ್ಬರು ಹಾಗೆಯೇ ಇಪ್ಪತ್ತು ನಿಮಿಷಕ್ಕೆ ಎದ್ದು ಹೋದರು, ಕವರು ಅವರದೇ. ದುಡ್ಡು ಕೊಟ್ಟರೆ ಮಾತು ಕೃತಕವಾಗುತ್ತದೆ ಎಂದು ಉಪದೇಶ ಮಾಡಿದವರೆಲ್ಲ ತಿಂಗಳ ಸಂಬಳದವರು. ಹಿಮ್ಮೇಳದ ಈ ವಾದ್ಯದವರು ರಾತ್ರಿ ಲೆಕ್ಕದಲ್ಲಿ ಬದುಕಿದವರು, ಅವರ ಎರಡು ಗಂಟೆಗೆ ಬೆಲೆ ಇದೆ.

ಒಟ್ಟು ಖರ್ಚು ನಾಲ್ಕು ವರ್ಷಕ್ಕೆ ಎರಡೂ ಮುಕ್ಕಾಲು, ಮೂರು ಲಕ್ಷದ ಒಳಗೆ. ಯೂಟ್ಯೂಬಿನಿಂದ ಬಂದದ್ದು ಹೇಳಲು ನಾಚಿಕೆ, ಪೆಟ್ರೋಲಿಗೂ ಸಾಲದು. ಕೈ ಹಿಡಿದದ್ದು ಎರಡು. ಒಂದು, ಮನೆಯವರು ಕೊಳ್ಳುವ ಪೆನ್‌ಡ್ರೈವ್. ಅಪ್ಪನ ಮಾತು, ಅಪ್ಪ ನುಡಿಸಿದ ಹಳೆಯ ಟೇಪು, ಎರಡೂ ತುಂಬಿಸಿ ಐನೂರು ರೂಪಾಯಿ. ಮುಂಬಯಿಯಲ್ಲಿ ಹೋಟೆಲು ಇಟ್ಟ ಒಬ್ಬ ಮಗ ಹನ್ನೆರಡು ತೆಗೆದುಕೊಂಡ, ಬಂಧುಗಳಿಗೆಲ್ಲ ಹಂಚಲು. ಇನ್ನೊಂದು, ಕೇಳುವ ಸಂಜೆ. ಸಣ್ಣ ಸಭಾಂಗಣ, ಎಪ್ಪತ್ತು ಕುರ್ಚಿ, ನೂರೈವತ್ತರ ಟಿಕೆಟು, ಗೋಳಿಬಜೆ ಚಹಾ. ಮಾತುಕತೆಯ ತುಂಡುಗಳನ್ನು ಕೇಳಿಸುವುದು, ಕಡೆಗೆ ಆ ಕಲಾವಿದರೇ ಎದ್ದು ಹತ್ತು ನಿಮಿಷ ನುಡಿಸುವುದು. ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಅವರಿಗೆ. ಮೊದಲ ಸಂಜೆಗೆ ಹನ್ನೊಂದು ಜನ, ಅದರಲ್ಲಿ ನಾಲ್ವರು ನಮ್ಮ ಮನೆಯವರು. ಒಂಬತ್ತನೆಯದಕ್ಕೆ ಕುರ್ಚಿ ಸಾಲದೆ ಪಕ್ಕದ ಅಂಗನವಾಡಿಯಿಂದ ಬೆಂಚು ತಂದೆವು. “ಮಾತಾಡದವರ ಮಾತು ಕೇಳಲು ಯಾರು ಬರ್ತಾರೆ” ಎಂದಿದ್ದ ಗೆಳೆಯ ಆವತ್ತು ಬೆಂಚು ಹೊತ್ತವರಲ್ಲಿ ಒಬ್ಬ.

ಒಂದು ತಪ್ಪು ಮಾತ್ರ ನನ್ನನ್ನು ಬಿಟ್ಟಿಲ್ಲ. ನಲವತ್ತರ ಆಸುಪಾಸಿನ ಒಬ್ಬ ಚೆಂಡೆಯವರು, ಒಳ್ಳೆಯ ಕೈ, ಮಾತಿನ ಬಿಸಿಯಲ್ಲಿ ತಮ್ಮ ಮೇಳದ ಸಂಬಳ ಎಷ್ಟು, ಸ್ತ್ರೀವೇಷದವರಿಗೆ ಎಷ್ಟು, ಭಾಗವತರಿಗೆ ಎಷ್ಟು ಎಂದು ಲೆಕ್ಕ ಒಪ್ಪಿಸಿದರು. ನನಗೆ ಖುಷಿಯೋ ಖುಷಿ, ಇಂಥದ್ದು ಯಾರು ಹೇಳುತ್ತಾರೆ! ಹಾಗೆಯೇ ಹಾಕಿದೆ. ವಾರದೊಳಗೆ ಆ ತುಂಡು ಮಾತ್ರ ಕತ್ತರಿಸಿ ವಾಟ್ಸಾಪಿನಲ್ಲಿ ಓಡಿತು. ಮುಂದಿನ ತಿರುಗಾಟಕ್ಕೆ ಅವರಿಗೆ ಕರೆ ಬರಲಿಲ್ಲ. ಯಾರೂ ಕಾರಣ ಹೇಳಲಿಲ್ಲ, ಹೇಳುವುದೂ ಇಲ್ಲ. ಆ ವರ್ಷ ಅವರು ಬದಲಿ ಕೆಲಸಕ್ಕೆ ಅಲ್ಲಿ ಇಲ್ಲಿ ಹೋದರು, ಮಳೆಗಾಲದಲ್ಲಿ ಚಿಕ್ಕಮೇಳದ ಜೊತೆ ಮನೆ ಮನೆ ತಿರುಗಿದರು. ನಮ್ಮ ಮನೆಗೂ ಬಂದರು. ಹತ್ತು ನಿಮಿಷದ ಆಟ, ನಾನು ಕೊಟ್ಟ ದುಡ್ಡನ್ನು ತಟ್ಟೆಗೆ ಹಾಕಿಸಿಕೊಂಡು, “ಮೆಷಿನ್ ಆನ್ ಉಂಟಾ?” ಎಂದು ಕೇಳಿ ನಕ್ಕರು. ಬೈದಿದ್ದರೆ ಆಗುತ್ತಿತ್ತು. ಮರುವರ್ಷ ಬೇರೆ ಮೇಳ ಸಿಕ್ಕಿತು, ನನ್ನಿಂದಲ್ಲ. ಈಗ ಫೈಲು ಹೊರಗೆ ಬಿಡುವ ಮೊದಲು ಅವರವರ ಚಾವಡಿಯಲ್ಲೇ ಕೂತು ಪೂರ್ತಿ ಕೇಳಿಸುತ್ತೇನೆ. ಎರಡು ಗಂಟೆಯ ಮಾತಿಗೆ ಎರಡು ಗಂಟೆ ಮತ್ತೆ ಕೂರಬೇಕು, ಇನ್ನೊಮ್ಮೆ ಪೆಟ್ರೋಲು. ತೆಗೆಯಿರಿ ಎಂದದ್ದನ್ನು ಯಾಕೆ ಎಂದು ಕೇಳದೆ ತೆಗೆಯುತ್ತೇನೆ.

ನಡುವೆ ಬೇರೆ ಕಡೆ ಕೈ ಹಾಕಿದ್ದೂ ಇದೆ. ಚಿಂತಾಮಣಿ ಕಡೆ ತಮಟೆಯವರ ಹತ್ತಿರ ಹೋದೆ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ ಆ ಕಡೆ ನನ್ನಂಥವರು ಹೋಗುವುದು ಜಾಸ್ತಿಯಾಗಿತ್ತು. ನನ್ನ ಉಪಾಯ ಅಲ್ಲಿ ನೆಲಕಚ್ಚಿತು. ಹಳೆಯ ಟೇಪೇ ಇಲ್ಲ! ಸಾವಿನ ಮನೆಯ ತಮಟೆಯನ್ನು ಯಾರು ರೆಕಾರ್ಡ್ ಮಾಡಿಟ್ಟಿದ್ದಾರೆ? ನಮ್ಮ ಅಪ್ಪನಂಥ ಹುಚ್ಚರು ಆಟದ ಬಯಲಿಗೆ ಮಾತ್ರ ಹುಟ್ಟಿದ್ದು. ಎರಡು ದಿನ ದಂಡವಾಗಿ, ಮೂರನೇ ದಿನ ಅವರು ತಮಟೆ ಕಾಯಿಸಲು ಹುಲ್ಲಿಗೆ ಬೆಂಕಿ ಹಾಕಿದರು. ಚರ್ಮ ಬಿಗಿಯಾಗುವವರೆಗೆ ಹತ್ತು ನಿಮಿಷ, ತಿರುಗಿಸುತ್ತಾ ಬೆರಳಲ್ಲಿ ಚಿಟಿಕೆ ಹೊಡೆದು ನೋಡುವುದು. ಆ ಹತ್ತು ನಿಮಿಷದಲ್ಲಿ ಒಬ್ಬರು ಹೇಳಿದ್ದು: ಅವರ ಅಪ್ಪನಿಗೆ ತಮಟೆ ಎಂದರೆ ಊರಿನ ಬಿಟ್ಟಿ ಚಾಕರಿ, ಬಾ ಎಂದರೆ ಹೋಗಬೇಕು. ಇವರು ಹುಡುಗನಾಗಿದ್ದಾಗ ಬಡಿಯುವುದಿಲ್ಲ ಎಂದು ಬೆಂಗಳೂರಿಗೆ ಓಡಿಹೋಗಿ ಕಟ್ಟಡದ ಕೆಲಸಕ್ಕೆ ಸೇರಿದರು. ಹದಿನೈದು ವರ್ಷದ ಮೇಲೆ ವೇದಿಕೆಯ ಮೇಲೆ ತಮಟೆ ನೋಡಿ ವಾಪಸು ಬಂದರು. “ಅದೇ ಚರ್ಮ ಸ್ವಾಮಿ, ಅದೇ ಪೆಟ್ಟು. ಕರೆಯೋ ರೀತಿ ಬೇರೆ.” ಬೆಂಕಿ ಆರಿತು, ಮಾತೂ ನಿಂತಿತು. ಆ ದಿನ ಮೂರು ಸಲ ಬೆಂಕಿ ಹಾಕಿದರು, ನನಗೆ ಸಿಕ್ಕಿದ್ದು ಮೂವತ್ತು ನಿಮಿಷ. ಟೇಪಿಲ್ಲದ ಕಡೆ ಬೆಂಕಿ ಎಂದು ಬರೆದಿಟ್ಟುಕೊಂಡೆ. ಹುಬ್ಬಳ್ಳಿ ಹತ್ತಿರದ ಬ್ಯಾಹಟ್ಟಿಗೆ ಜಗ್ಗಲಗಿಯವರನ್ನು ಹುಡುಕಿ ಹೋದಾಗ ಹೋಳಿಯ ಗಲಾಟೆ, ಬಂಡಿಗಾಲಿಗೆ ಚರ್ಮ ಬಿಗಿದ ಆ ವಾದ್ಯದ ಎದುರು ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಫೋಟೋ ಹೊಡೆದು ಬಂದೆ.

ರಸಮಂಜರಿ ಆರ್ಕೆಸ್ಟ್ರಾದ ಡ್ರಮ್ ಸೆಟ್ಟಿನವರನ್ನೂ ಬಿಡಲಿಲ್ಲ. ಒಬ್ಬರು 2020ರಲ್ಲಿ ಸೆಟ್ಟು ಮಾರಿ ಮೀನು ವ್ಯಾನು ಓಡಿಸಿದವರು. ಸೆಟ್ಟು ಹೋದದ್ದಕ್ಕೆ ಅಳಲಿಲ್ಲವಂತೆ, ಅದಕ್ಕೂ ಮೊದಲು ಹಲವು ವಾದ್ಯದ ಸದ್ದು ಕೊಡುವ ಎಲೆಕ್ಟ್ರಾನಿಕ್ ಆಕ್ಟಾಪ್ಯಾಡ್ ಬಂದು ಢೋಲಕಿನವರು, ಕಾಂಗೋದವರು ಒಬ್ಬೊಬ್ಬರಾಗಿ ಮನೆಗೆ ಹೋದಾಗ ಅತ್ತಿದ್ದರಂತೆ. “ನಾನೇ ಪ್ಯಾಡ್ ಕಲಿತು ಅವರ ಕೆಲಸ ತೆಗೆದದ್ದು” ಎಂದು ಅವರೇ ಹೇಳಿದರು. ಇವರಿಗೆ ಹಾಕಿದ ಟೇಪು ಅವರದೇ ಗಣೇಶೋತ್ಸವದ ವಿಡಿಯೋ, ಅದರಲ್ಲಿ ಹಿಂದೆ ನಿಂತ ಢೋಲಕಿನವರ ಕೈ ಗುರುತು ಹಿಡಿದು ಹೇಳಿದ ಮಾತು ಇದು.

ಹೆಂಗಸರು ಇಷ್ಟರಲ್ಲಿ ನಾಲ್ವರೇ, ಅದು ನನಗೂ ಕಡಿಮೆ ಎಂದು ಗೊತ್ತು. ಅದರಲ್ಲಿ ಮೃದಂಗದವರೊಬ್ಬರು, ಮನೆಯಲ್ಲಿ ಬೇಡವೆಂದಾಗ ಅಪ್ಪನಿಗೆ ಘಟದ ಸುಕನ್ಯಾ ರಾಮಗೋಪಾಲ್ ಅವರ ಕಛೇರಿ ತೋರಿಸಿ ಒಪ್ಪಿಸಿದ್ದಂತೆ. 1995ರಲ್ಲಿ ಹೆಂಗಸರದ್ದೇ ಆದ ಸ್ತ್ರೀ ತಾಳ ತರಂಗ ತಂಡ ಕಟ್ಟಿದವರು ಸುಕನ್ಯಾ. ಅಪ್ಪ ಒಪ್ಪಿದರು, ಆದರೆ ಜೊತೆಗೆ ನುಡಿಸಲು ಒಪ್ಪದ ಗಂಡಸರ ಪಟ್ಟಿ ಈಕೆಯ ಬಾಯಲ್ಲಿ ತಾಳದಂತೆ ಬಂತು. ಅದನ್ನು ತೆಗೆಯಿರಿ ಎಂದರು, ತೆಗೆದೆ.

ಇನ್ನೊಂದು ಹುಚ್ಚು ಹೇಳಿ ಮುಗಿಸುತ್ತೇನೆ. ಒಬ್ಬ ಚೆಂಡೆಯವರ ಹೆಸರಾದ ಬಿಡ್ತಿಗೆ ಒಂದಿದೆ, ರಾಕ್ಷಸ ವೇಷದ ಪ್ರವೇಶಕ್ಕೆ ಹಾಕುವಂಥದ್ದು, ಕುಂಟಿದ ಹಾಗೆ ಕೇಳಿ ಕಡೆಗೆ ಸಮಕ್ಕೆ ಬಂದು ಬೀಳುತ್ತದೆ. ಅದು ಯಾವ ಗುರುವಿನದ್ದೆಂದು ಎಲ್ಲರೂ ಜಗಳಾಡುತ್ತಾರೆ. ಟೇಪು ಕೇಳಿಸಿದಾಗ ಅವರು ಹೇಳಿದ್ದು: ಗದ್ದೆಯ ಡೀಸೆಲ್ ಪಂಪಿನದ್ದು. ತೈಲ ಮುಗಿಯುತ್ತಾ ಬಂದಾಗ ಪಂಪು ಒಂದು ಪೆಟ್ಟು ನುಂಗಿ, ಎರಡು ಒಟ್ಟಿಗೆ ಉಗುಳುತ್ತಿತ್ತಂತೆ. ಹಗಲು ಮಲಗಿದಲ್ಲಿ ಕೇಳಿ ಕೇಳಿ ಕೈಗೆ ಬಂತು. ನಾನು ಮೆಷಿನ್ ಎತ್ತಿಕೊಂಡು ಆ ಗದ್ದೆಗೇ ಹೋದೆ. ಈಗ ಅಲ್ಲಿ ಕರೆಂಟಿನ ಪಂಪು, ಗುಂಯ್ ಎಂದು ಒಂದೇ ಶ್ರುತಿ. ಮೂರು ಊರು ತಿರುಗಿ ಕಡೆಗೆ ಒಬ್ಬರ ಕೊಟ್ಟಿಗೆಯಲ್ಲಿ ಹಳೆಯ ಡೀಸೆಲ್ ಪಂಪು ಸಿಕ್ಕಿತು. ಹ್ಯಾಂಡಲ್ ಹಾಕಿ ಸ್ಟಾರ್ಟ್ ಮಾಡಲು ಹೋಗಿ ಮಣಿಕಟ್ಟು ಉಳುಕಿ ಹತ್ತು ದಿನ ಸ್ಕೂಟರ್ ಬಿಡಲಿಲ್ಲ. ಆದರೆ ಸ್ಟಾರ್ಟ್ ಆಯಿತು. ಎಣ್ಣೆ ಮುಗಿಯುವವರೆಗೆ ಕಾದು ತುಂಬಿಸಿಕೊಂಡೆ. ಒಂಬತ್ತನೇ ಸಂಜೆಯಲ್ಲಿ ಪಂಪು ಮೊದಲು, ಚೆಂಡೆ ಆಮೇಲೆ ಹಾಕಿದಾಗ ಸಭಾಂಗಣದಲ್ಲಿ ಎದ್ದ ನಗು, ಆಮೇಲೆ ಬಂದ ಚಪ್ಪಾಳೆ, ಎರಡೂ ಫೈಲಿನಲ್ಲಿವೆ.

ಈಗ ಉಳಿದದ್ದು ಒಂದು ಕ್ಯಾಸೆಟ್ಟು. 1989, ಜನವರಿ, ಊರಿನ ಹೆಸರಿನ ಮೇಲೆ ನೀರು ಬಿದ್ದು ಅಳಿಸಿದೆ. ಅದರಲ್ಲಿ ಒಂದು ಮದ್ದಳೆ ಇದೆ. ಅಂಥ ಕೈ ನಾನು ಬೇರೆಲ್ಲೂ ಕೇಳಿಲ್ಲ, ಪದ್ಯದ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮಾತ್ರ ನುಡಿಯುತ್ತದೆ, ಉಳಿದಂತೆ ಇದ್ದೂ ಇಲ್ಲದ ಹಾಗೆ. ಮಾತಾಡಿಸಿದ ಮದ್ದಳೆಯವರಿಗೆಲ್ಲ ಕೇಳಿಸಿದೆ. ಏಳೆಂಟು ಹೆಸರು ಬಂದಿವೆ, ಹೆಸರಿನವರ ಬೇರೆ ಟೇಪು ಹಾಕಿ ಹೋಲಿಸಿದರೆ ಯಾವುದೂ ಅಲ್ಲ. ಇಬ್ಬರು ತಮ್ಮದೇ ಎಂದರು, ಅದರಲ್ಲಿ ಒಬ್ಬರು 1989ರಲ್ಲಿ ಆರನೇ ಕ್ಲಾಸು. ಕೊಲ್ಲೂರು ಕಡೆ ಇನ್ನೊಬ್ಬರಿದ್ದಾರೆ, ಕಣ್ಣು ಕಾಣುವುದಿಲ್ಲ, ಕಿವಿ ಚುರುಕಿದೆ ಎಂದು ಮೊನ್ನೆ ಯಾರೋ ಹೇಳಿದರು. ಮಳೆ ಸ್ವಲ್ಪ ಬಿಟ್ಟರೆ ಬರುವ ಭಾನುವಾರ ಹೋಗುತ್ತೇನೆ. ಡೆಕ್ಕಿಗೆ ಹೊಸ ಬೆಲ್ಟ್ ಹಾಕಿಟ್ಟಿದ್ದೇನೆ.